ಸೂರಿನ ಕೆಳಗಿನ ಹಂದಿ

ಶಾಂತರಾಜು ಮೇಷ್ಟ್ರ ಬಲಗೈಯ ತೋರುಬೆರಳು ಸುಮ್ಮನಾದದ್ದನ್ನು ನಾನು ಕಂಡದ್ದು ಒಂದೇ ಸಲ. ಅದನ್ನು ಮುಂದೆ ಹೇಳುತ್ತೇನೆ. ಮಿಕ್ಕಂತೆ ಆ ಬೆರಳು ಸದಾ ಏನಾದರೂ ಬರೆಯುತ್ತಲೇ ಇರುತ್ತಿತ್ತು. ಹೋಟೆಲಿನಲ್ಲಿ ಕೂತರೆ ಲೋಟದಿಂದ ಚೆಲ್ಲಿದ ನೀರಿನಲ್ಲಿ ಅದ್ದಿ ಟೇಬಲ್ಲಿನ ಮೇಲೆ ಬರೆಯುವರು. ಬಸ್ಸು ಹತ್ತಿದರೆ ಕಿಟಕಿಯ ಧೂಳಿನಲ್ಲಿ ಬರೆಯುವರು. ಏನೂ ಸಿಗದಿದ್ದರೆ ಗಾಳಿಯಲ್ಲೇ, ಎದುರಿಗಿದ್ದವರ ಮೂಗಿಗೆ ತಾಗುವಷ್ಟು ಹತ್ತಿರ. ಬರೆಯುತ್ತಿದ್ದದ್ದು ಒಂದೇ ಅಕ್ಷರ: 家. ಚೀನೀ ಭಾಷೆಯಲ್ಲಿ ಅದರ ಅರ್ಥ ‘ಮನೆ’. ಆ ಭಾಷೆಯಲ್ಲಿ ಇಂಥ ಸಾವಿರಾರು ಅಕ್ಷರಗಳಿವೆಯಂತೆ. ಮೇಷ್ಟ್ರಿಗೆ ಗೊತ್ತಿದ್ದದ್ದು ಇದೊಂದು. ಈ ಒಂದರ ಬಂಡವಾಳದಲ್ಲಿ ಅವರು ಪಿರಿಯಾಪಟ್ಟಣದ ತುಂಬ ಚೀನಾ ಪಂಡಿತರೆಂದು ಮೆರೆದರು. ಶಾಲೆಯಲ್ಲಿ ಪಾಠ ಹೇಳುವ ನನಗೆ ಅರೆಬರೆ ತಿಳಿದವರನ್ನು ಕಂಡು ಸಾಕಾಗಿದೆ, ಆದರೆ ಅರೆಬರೆ ತಿಳಿದದ್ದಕ್ಕೇ ಊರವರಿಂದ ಹಾರ ಹಾಕಿಸಿಕೊಂಡು ಓಡಾಡಿದವರನ್ನು ಕಂಡದ್ದು ಇವರೊಬ್ಬರನ್ನೇ.

ಮೇಷ್ಟ್ರು ಕಾಲೇಜಿನಲ್ಲಿ ಇತಿಹಾಸ ಹೇಳಿ ನಿವೃತ್ತರಾದವರು. ಬೆಟ್ಟದಪುರದ ಕಡೆ ಹೊಗೆಸೊಪ್ಪಿನ ಜಮೀನಿತ್ತು, ಎಲೆ ಬೇಯಿಸುವ ಬ್ಯಾರನ್ನಿತ್ತು. ಒಂದು ಸಲ ಹೊಗೆಸೊಪ್ಪು ಕೊಳ್ಳುವ ಕಂಪನಿಯವರು ಮೇಷ್ಟ್ರೂ ಸೇರಿ ಈ ಸೀಮೆಯ ಕೆಲವು ಬೆಳೆಗಾರರನ್ನು ಚೀನಾಕ್ಕೆ ಕರೆದುಕೊಂಡು ಹೋಗಿ ಅಲ್ಲಿನ ಹೊಗೆಸೊಪ್ಪಿನ ಹೊಲ ತೋರಿಸಿಕೊಂಡು ಬಂದರು. ಉಳಿದವರು ಫ್ಲಾಸ್ಕು, ಟಾರ್ಚು, ಮಕ್ಕಳಿಗೆ ಆಟದ ಸಾಮಾನು ತಂದರು. ಮೇಷ್ಟ್ರು ತಂದದ್ದು ಮೊರದಗಲದ ಒಂದು ಹಿತ್ತಾಳೆಯ ಅಕ್ಷರ, ಅದರ ಜೊತೆಗೆ ಬಸ್ಸಿನಲ್ಲಿ ಗೈಡ್ ಹುಡುಗಿ ಅದರ ಬಗ್ಗೆ ಹೇಳಿದ ನಾಲ್ಕು ಮಾತು. ಬಂದ ವಾರದಲ್ಲೇ ಗೇಟಿನ ಕಮಾನಿನ ನಡುವೆ ಸ್ಕ್ರೂ ಹೊಡೆಸಿ ಅದನ್ನು ಕೂರಿಸಿದರು. ಶುಕ್ರವಾರ ಬಂತೆಂದರೆ ಅವರ ಹೆಂಡತಿ ಸುಶೀಲಮ್ಮ ಸ್ಟೂಲು ಹತ್ತಿ ಆ ಹಿತ್ತಾಳೆಗೆ ಅರಿಶಿನ ಕುಂಕುಮ ಇಟ್ಟು, ಒಂದೆಳೆ ಕನಕಾಂಬರ ಸಿಕ್ಕಿಸುತ್ತಿದ್ದರು. ಅದು ಏನೆಂದು ಗಂಡ ಆಕೆಗೆ ಹೇಳಿದ್ದು ‘ಮನೆ’ ಎಂದಷ್ಟೇ.

ಬೇರೆಯವರಿಗೆ ಮಾತ್ರ ಪೂರ್ತಿ ಹೇಳುತ್ತಿದ್ದರು. ಮೊದಲು ಮೇಲೊಂದು ಚುಕ್ಕೆ, ಅದರ ಕೆಳಗೆ ಎರಡೂ ಕಡೆ ಇಳಿಬಿದ್ದ ಗೆರೆ. ಇದು ಸೂರು. ಆಮೇಲೆ ಬಾಗಿದ ಬೆನ್ನು, ಅದಕ್ಕೆ ಕಾಲುಗಳು, ಒಂದು ಬಾಲ. ಇದು ಹಂದಿ. ಇಲ್ಲಿ ನಿಲ್ಲಿಸಿ ಕೇಳುವವರ ಮುಖ ನೋಡುವರು. ಯಾರಾದರೂ ಮುಖ ಸಿಂಡರಿಸಿದರೆ ಅವರಿಗೆ ಹಬ್ಬ. ಚೀನಾದ ಹಿರೀಕರು ಆಮೆಯ ಚಿಪ್ಪಿನ ಮೇಲೆ, ದನದ ಮೂಳೆಯ ಮೇಲೆ ಈ ಅಕ್ಷರ ಗೀರುವಾಗ ಸೂರಿನ ಕೆಳಗೆ ರಾಜನನ್ನು ಇಡಲಿಲ್ಲ, ದೇವರನ್ನು ಇಡಲಿಲ್ಲ, ಹಂದಿಯನ್ನು ಇಟ್ಟರು ಎಂದು ಧ್ವನಿ ಏರಿಸಿ, ಕೊನೆಗೆ ಧ್ವನಿ ಇಳಿಸಿ ಹೇಳುವರು: “ಹಂದಿಗೂ ಜಾಗ ಇರೋದೇ ಮನೆ.” ನಿವೃತ್ತರ ಸಂಘ, ಕಾಲೇಜಿನ ವಾರ್ಷಿಕೋತ್ಸವ, ಬೆಳೆಗಾರರ ಸಭೆ, ಎಲ್ಲಿ ಹೇಳಿದರೂ ಆ ವಾಕ್ಯಕ್ಕೆ ಚಪ್ಪಾಳೆ ಬೀಳುತ್ತಿತ್ತು. ಒಂದು ಸಲ ನಾನೂ ತಟ್ಟಿದೆ.

ಆಮೇಲೆ ನಮ್ಮ ಶಾಲೆಯ ಕಂಪ್ಯೂಟರಿನಲ್ಲಿ ಹುಡುಕಿ ನೋಡಿದೆ. ಸೂರೂ ನಿಜ, ಹಂದಿಯೂ ನಿಜ. ಆದರೆ ಹಂದಿ ಅಲ್ಲಿಗೆ ಯಾಕೆ ಬಂತು ಎಂಬುದರಲ್ಲಿ ಬಲ್ಲವರಲ್ಲೇ ಒಮ್ಮತವಿಲ್ಲ. ಅದು ಹಿರಿಯರಿಗೆ ಎಡೆ ಇಡುವ ಜಾಗ, ಹಂದಿ ಬಲಿಯ ಪ್ರಾಣಿ ಎನ್ನುವವರಿದ್ದಾರೆ. ಹಂದಿಗೆ ಅರ್ಥವೇ ಇಲ್ಲ, ಗಂಡು ಹಂದಿಯ ಹೆಸರೂ ಮನೆಯ ಹೆಸರೂ ಒಂದೇ ಥರ ಕೇಳುತ್ತಿದ್ದದ್ದರಿಂದ ಉಚ್ಚಾರಣೆ ತೋರಿಸಲು ಅದನ್ನು ಕೆಳಗಿಟ್ಟರು ಎನ್ನುವವರೂ ಇದ್ದಾರೆ. ಇದನ್ನು ಮೇಷ್ಟ್ರಿಗೆ ಹೇಳಿದರೆ “ಅದೆಲ್ಲ ಡೀಟೇಲು” ಎಂದು ಕೈ ಒದರಿದರು. ಇತಿಹಾಸ ಹೇಳಿ ಪಿಂಚಣಿ ತೆಗೆದುಕೊಳ್ಳುತ್ತಿದ್ದ ಮನುಷ್ಯನ ಬಾಯಲ್ಲಿ ಬಂದ ಮಾತು ಅದು.

ಹಂದಿಯ ಕಥೆ ಮುಗಿದ ಮೇಲೆ ಅವರ ಅಕ್ಷರ ದೇಶ ಸುತ್ತಲು ಹೊರಡುತ್ತಿತ್ತು. ಚೀನಾದವನು ಅದನ್ನು ‘ಜಿಯಾ’ ಎಂದು ಓದುತ್ತಾನೆ, ಕೊರಿಯಾದವನು ‘ಗಾ’ ಎನ್ನುತ್ತಾನೆ. ಜಪಾನಿನವನಿಗೆ ಅದು ಒಂಟಿಯಾಗಿದ್ದರೆ ‘ಇಎ’, ಬೇರೆ ಅಕ್ಷರದ ಜೊತೆ ಸೇರಿದರೆ ‘ಕಾ’. ವಿಯೆಟ್ನಾಮಿನವರು ಆ ಲಿಪಿಯನ್ನೇ ಬಿಟ್ಟು ಇಂಗ್ಲಿಷ್ ಅಕ್ಷರ ಹಿಡಿದಿದ್ದರೂ ಅವರ ಮಾತಿನಲ್ಲಿ ಅದು ‘ಝಾ’, ‘ಯಾ’ ಎಂದು ಉಳಿದುಕೊಂಡಿದೆ. ಬಾಯಿ ಬೇರೆ, ಮನೆ ಒಂದೇ ಎಂದು ಮೇಷ್ಟ್ರು ಕಣ್ಣು ಮುಚ್ಚುವರು. ಜಪಾನಿನಲ್ಲಿ ಬರೆಯುವವರಿಗೆ, ಚಿತ್ರ ಮಾಡುವವರಿಗೆ, ಹೀಗೆ ಒಂದು ವಿದ್ಯೆಯಲ್ಲೇ ಮನೆ ಮಾಡಿಕೊಂಡವರಿಗೆ ಆ ಕಸುಬಿನ ಹೆಸರಿನ ಕೊನೆಯಲ್ಲಿ ಈ ಅಕ್ಷರ ಅಂಟಿಸುತ್ತಾರೆ, ಆ ಪ್ರಕಾರ ತಾನೂ ಒಬ್ಬ ‘ಕಾ’ ಎಂದು ನಗುವರು. ಇದಲ್ಲದೆ ಇನ್ನೊಂದಿತ್ತು. ಇದರ ಮುಂದೆ ‘ದೊಡ್ಡ’ ಎಂಬ ಅಕ್ಷರ ಇಟ್ಟರೆ ಚೀನಾದಲ್ಲಿ ‘ಎಲ್ಲರೂ’ ಎಂದಾಗುತ್ತದೆಯಂತೆ. ಅದೇ ಎರಡು ಅಕ್ಷರಕ್ಕೆ ಜಪಾನಿನಲ್ಲಿ ಬಾಡಿಗೆ ಮನೆಯ ಮಾಲೀಕ ಎಂದು ಅರ್ಥವಂತೆ. “ನಾನು ಎರಡೂ ಕಣಮ್ಮಾ,” ಎಂದರು, ನನ್ನ ಕೈಗೆ ಮಹಡಿ ಮನೆಯ ಬೀಗದ ಕೈ ಕೊಡುತ್ತಾ. ನಾನು ಅವರ ಬಾಡಿಗೆದಾರಳಾದದ್ದು ಹಾಗೆ.

ಬೀಗದ ಕೈ ಕೊಡುವುದಕ್ಕೆ ಮೊದಲು ನಡೆದದ್ದನ್ನೂ ಹೇಳಬೇಕು. ನಮ್ಮ ಕಡೆ ಬಾಡಿಗೆಗೆ ಮನೆ ಕೊಡುವವರು ಜಾತಿ ಕೇಳುವುದಿಲ್ಲ, ಅಷ್ಟು ನಾಜೂಕು ಬಂದಿದೆ. ಯಾವ ಊರು ಎನ್ನುತ್ತಾರೆ. ಊರಿನಲ್ಲಿ ಯಾವ ಬೀದಿ ಎನ್ನುತ್ತಾರೆ. ಕೊನೆಗೆ ತುಂಬ ಭಕ್ತಿಯಿಂದ ಮನೆದೇವರು ಯಾವುದು ಎಂದು ಕೇಳುತ್ತಾರೆ. ಮನೆದೇವರ ಹೆಸರು ಬಾಯಿಗೆ ಬಂದರೆ ಸಾಕು, ಕೇಳಬಾರದ್ದೆಲ್ಲ ಕೇಳದೆ ತಿಳಿದುಬಿಡುತ್ತದೆ. ಮೇಷ್ಟ್ರು ಮೂರನ್ನೂ ಕ್ರಮವಾಗಿ ಕೇಳಿದರು. ನನ್ನ ಉತ್ತರಗಳು ಅವರಿಗೆ ಒಪ್ಪಿಗೆಯಾಗಿರಬೇಕು, ಒಳಗಿನಿಂದ ಕಾಫಿ ಬಂತು.

ಒಂದು ಭಾನುವಾರ ನನ್ನನ್ನೂ ನನ್ನ ಗಂಡನನ್ನೂ ಕಾರಿನಲ್ಲಿ ಬೈಲಕುಪ್ಪೆಯ ಟಿಬೆಟ್ ಕ್ಯಾಂಪಿಗೆ ಕರೆದುಕೊಂಡು ಹೋದರು. ಮೊಮೊ ಮಾಡುವ ಒಂದು ಸಣ್ಣ ಅಂಗಡಿಯಲ್ಲಿ ಕೂತೆವು. ಅಂಗಡಿ ನಡೆಸುತ್ತಿದ್ದ ಹೆಂಗಸು ಇಲ್ಲೇ ಹುಟ್ಟಿ ಬೆಳೆದವಳು, ಸಂತೆಯ ಕನ್ನಡ ಅವಳ ನಾಲಿಗೆಯ ಮೇಲೆ ನೀರಾಗಿ ಹರಿಯುತ್ತಿತ್ತು. ಮೇಷ್ಟ್ರು ಎಂದಿನಂತೆ ಟೇಬಲ್ಲಿನ ಮೇಲೆ ನೀರಿನಲ್ಲಿ ಬರೆದು, ನಿಮ್ಮ ಭಾಷೆಯಲ್ಲಿ ಇದನ್ನು ಹೇಗೆ ಓದುತ್ತೀರಿ ಎಂದು ಕೇಳಿದರು. ಅವಳು ಬಟ್ಟೆ ತಂದು ಟೇಬಲ್ ಒರೆಸಿದಳು.

“ನಮ್ದು ಅಕ್ಷರ ಬೇರೆ ಸಾರ್. ಇದನ್ನ ಬರೆಯೋರು ಬಂದಿದ್ಕೇ ನಮ್ಮಜ್ಜಿ ಮನೆ ಬುಟ್ಟು ಬಂದಿದ್ದು.”

ಬೇರೆ ಯಾರಾದರೂ ಆಗಿದ್ದರೆ ಮುಖ ತಗ್ಗಿಸುತ್ತಿದ್ದರು. ಮೇಷ್ಟ್ರು ನಕ್ಕು “ಅದು ಪಾಲಿಟಿಕ್ಸ್ ಕಣಮ್ಮಾ, ಇದು ಅಕ್ಷರ” ಎಂದರು. ಒರೆಸಿದ ಜಾಗದಲ್ಲೇ ಮತ್ತೆ ಬರೆದು ಸೂರು ಯಾವುದು, ಹಂದಿ ಯಾವುದು ಎಂದು ಅವಳಿಗೆ ಪಾಠ ಶುರು ಮಾಡಿದರು. ಅವಳು ತಟ್ಟೆ ಇಟ್ಟು ಒಳಗೆ ಹೋದವಳು ನಾವು ಏಳುವವರೆಗೆ ಹೊರಗೆ ಬರಲಿಲ್ಲ. ಅಲ್ಲಿಂದ ಹೊಳೆ ದಾಟಿ ಕುಶಾಲನಗರಕ್ಕೆ ಹೋದೆವು. ಅಲ್ಲೊಂದು ಮನೆಯಂಥ ಹೋಟೆಲಿನಲ್ಲಿ ಮೇಷ್ಟ್ರು ಅಕ್ಕಿ ಕಡುಬಿನ ಜೊತೆ ಹಂದಿ ಮಾಂಸದ ಸಾರನ್ನು ಕೇಳಿ ಕೇಳಿ ಹಾಕಿಸಿಕೊಂಡು ಉಂಡರು. ಸುಶೀಲಮ್ಮನಿಗೆ ಆಗುವುದಿಲ್ಲವಾದ್ದರಿಂದ ಮನೆಯಲ್ಲಿ ಮಾಡುವ ಹಾಗಿಲ್ಲವಂತೆ, ಬಾಯಿ ಕೆಟ್ಟಾಗ ಇಲ್ಲಿಗೆ ಬರುತ್ತಾರಂತೆ. ಊಟದ ವಿಷಯ ಯಾಕೆ ಎತ್ತಿದೆ ಎಂದರೆ, ಮುಂದೆ ನಡೆದದ್ದಕ್ಕೆ ಆ ಪ್ರಾಣಿಯ ಮೇಲೆ ಅವರಿಗಿದ್ದ ಅಸಹ್ಯ ಕಾರಣ ಎಂದು ಯಾರೂ ತಿಳಿಯಬಾರದು.

ನಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ರತ್ನ ಎಂಬ ನರ್ಸ್ ಇದ್ದಳು, ಈಗಲೂ ಇದ್ದಾಳೆ. ಸರಗೂರಿನ ಕಡೆಯ ಹಳ್ಳಿಯವಳು. ನನಗೆ ಟೈಫಾಯ್ಡ್ ಬಂದಾಗ ನೋಡಿಕೊಂಡವಳು, ಅಂದಿನಿಂದ ಸ್ನೇಹ. ಅವಳ ತಂದೆ ಸಣ್ಣಯ್ಯನಿಗೆ ಮೂತ್ರಪಿಂಡ ಕೆಟ್ಟು ವಾರಕ್ಕೆ ಎರಡು ಸಲ ಡಯಾಲಿಸಿಸ್ ಮಾಡಿಸಬೇಕಾಗಿತ್ತು. ಮಗಳ ಕಣ್ಣೆದುರಿಗೇ ಆಗಲಿ ಎಂದು ಅವರು ಎಚ್.ಡಿ. ಕೋಟೆಯಲ್ಲಿ ಒಂದು ಬಸ್ಸು, ಹುಣಸೂರಿನಲ್ಲಿ ಒಂದು ಬಸ್ಸು ಬದಲಿಸಿಕೊಂಡು ಪಿರಿಯಾಪಟ್ಟಣಕ್ಕೆ ಬರುತ್ತಿದ್ದರು. ರಕ್ತ ಶುದ್ಧಿಯಾದ ಮೇಲೆ ಮನುಷ್ಯನಿಗೆ ನಿಲ್ಲಲು ತ್ರಾಣವಿರುವುದಿಲ್ಲ. ಅದೇ ಮೈಯಲ್ಲಿ ಮತ್ತೆ ಅಷ್ಟೂ ಬಸ್ಸು. ರತ್ನ ಇದ್ದದ್ದು ಹಾಸ್ಟೆಲ್ಲಿನ ಮಹಡಿಯ ಮೇಲೊಂದು ಕೋಣೆಯಲ್ಲಿ, ಅಲ್ಲಿಗೆ ಗಂಡಸರನ್ನು ಬಿಡುವುದಿಲ್ಲ. ಮೆಟ್ಟಿಲಿಲ್ಲದ, ಆಸ್ಪತ್ರೆಗೆ ಹತ್ತಿರದ ಒಂದು ಮನೆ ಸಿಕ್ಕಿದರೆ ಅಪ್ಪ ಇನ್ನಷ್ಟು ದಿನ ಇರುತ್ತಾನೆ ಎನ್ನುವಳು. ಮೇಷ್ಟ್ರ ಮನೆ ಆಸ್ಪತ್ರೆಯ ಹಿಂದಿನ ಬೀದಿ, ಅವರ ಕೆಳಗಿನ ಭಾಗ ಆಗ ಖಾಲಿ. ನಾನೇ ಅವಳನ್ನು ಕರೆದುಕೊಂಡು ಹೋದೆ.

ಮೇಷ್ಟ್ರು ಊರು ಕೇಳಿದರು. ಸರಗೂರು ಕಡೆ ಎಂದಳು. ಬೀದಿ ಕೇಳಿದರು. ಹಳೇ ಊರು ಕಬಿನಿ ಹಿನ್ನೀರಿನಲ್ಲಿ ಮುಳುಗಿತು, ಆಮೇಲೆ ಕೊಟ್ಟ ಜಾಗದಲ್ಲಿ ಎಲ್ಲರದೂ ಸಾಲುಮನೆ ಎಂದಳು. ಮೇಷ್ಟ್ರು ಮನೆದೇವರಿಗೆ ಬಂದರು. ಮಾದಪ್ಪ ಎಂದಳು. ಆ ಸೀಮೆಯಲ್ಲಿ ಮಾದಪ್ಪನಿಗೆ ನಡೆದುಕೊಳ್ಳದ ಜನವೇ ಇಲ್ಲ, ಹಾಗಾಗಿ ಮೇಷ್ಟ್ರ ಜರಡಿಯಲ್ಲಿ ಏನೂ ನಿಲ್ಲಲಿಲ್ಲ. ಸರ್ಕಾರಿ ಕೆಲಸದ ಹುಡುಗಿ, ನನ್ನ ಮಾತಿನ ಬೆಂಬಲ ಬೇರೆ. ಭಾನುವಾರ ಬಂದು ಹಾಲುಕ್ಕಿಸಿಕೊಳ್ಳಿ ಎಂದರು.

ಭಾನುವಾರ ರತ್ನ ಒಳಗೆ ಒಲೆ ಇಟ್ಟು, ಹೊಸ ಪಾತ್ರೆಗೆ ಹಾಲು ಸುರಿದು, ಅಪ್ಪನಿಗಾಗಿ ಕಾಯುತ್ತಿದ್ದಳು. ಸಣ್ಣಯ್ಯ ಒಗೆದ ಬಿಳಿ ಅಂಗಿ ತೊಟ್ಟು ಗೇಟಿನವರೆಗೆ ನಿಧಾನ ನಡೆದು ಬಂದವರು ಕಮಾನಿನ ಕೆಳಗೆ ಸುಧಾರಿಸಿಕೊಳ್ಳಲು ನಿಂತರು. ತಲೆ ಎತ್ತಿ ಹಿತ್ತಾಳೆ ನೋಡಿ, ಅದೇನು ಬುದ್ಧಿ ಎಂದು ಕೇಳಿದರು. ಮೇಷ್ಟ್ರಿಗೆ ಇನ್ನೇನು ಬೇಕು? ಬೆರಳು ಗಾಳಿಗೆ ಏರಿತು. ಸೂರು ಬಂತು, ಹಂದಿ ಬಂತು, ರಾಜನನ್ನು ಇಡಲಿಲ್ಲ ದೇವರನ್ನು ಇಡಲಿಲ್ಲ ಎಂಬುದು ಬಂತು. ನಾನು ಮೆಟ್ಟಿಲ ಮೇಲೆ ನಿಂತು ಕೇಳಿಸಿಕೊಳ್ಳುತ್ತಿದ್ದೆ. ಹಂದಿಗೂ ಜಾಗ ಇರೋದೇ ಮನೆ ಎಂದು ಮೇಷ್ಟ್ರು ಮುಗಿಸಿದಾಗ ಸಣ್ಣಯ್ಯನ ಮುಖ ಅರಳಿಬಿಟ್ಟಿತು. ಎರಡೂ ಕೈ ಜೋಡಿಸಿದರು.

“ದಿಟ ಬುದ್ದಿ. ನಮ್ಮಟ್ಟೀಲೂ ಅಂಗೇಯಾ. ನಮ್ಮಪ್ಪನ ಕಾಲ್ದಿಂದ ಅಂದಿ ಸಾಕ್ದೋರು ನಾವು. ಮಳೆ ಬಂದ್ರೆ ಮರಿಗೊಳ್ನ ಒಳೀಕೇ ಬುಟ್ಕೊಳ್ಳೋವು, ನಾನೂ ಅವೂ ಒಂದೇ ಗೋಣಿ ಮ್ಯಾಲೆ ಮನಗ್ತಿದ್ದೊ. ಜನ ಆಡ್ಕೊಳ್ಳೋರು. ನೀವು ದೊಡ್ಡೋರು, ತಲೆ ಮ್ಯಾಲೇ ಇಟ್ಕೊಂಡಿದೀರಿ.”

ಬೆರಳು ಗಾಳಿಯಲ್ಲೇ ನಿಂತಿತು. ನಾನು ಹೇಳಿದ ಆ ಒಂದು ಸಲ ಇದೇ. ಮೇಷ್ಟ್ರು ಅದನ್ನು ಮಡಚಿ ಮುಷ್ಟಿ ಮಾಡಿ, ಮುಷ್ಟಿಯನ್ನು ಜುಬ್ಬದ ಜೇಬಿಗೆ ಹಾಕಿದರು. ಒಂದು ಫೋನು ಮಾಡಬೇಕು ಎಂದು ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ಸುಶೀಲಮ್ಮ ಹೊರಗೆ ಬಂದು, ಇವತ್ತು ದಿನ ಚೆನ್ನಾಗಿಲ್ಲವಂತೆ, ಹಾಲುಕ್ಕಿಸುವುದು ಬೇಡವಂತೆ ಎಂದು ನೆಲ ನೋಡಿಕೊಂಡು ಹೇಳಿದರು. ಆ ಹಾಲನ್ನು ನನ್ನ ಒಲೆಯ ಮೇಲೆ ಕಾಯಿಸಿ ಚಹಾ ಮಾಡಿ, ಸಣ್ಣಯ್ಯ ಮಹಡಿ ಹತ್ತಲಾರರೆಂದು ಕೆಳಗಿನ ಮೆಟ್ಟಿಲ ಮೇಲೇ ಕೂತು ಕುಡಿದೆವು. ಅವರು ಎರಡು ಗುಟುಕು ಕುಡಿದು ಲೋಟ ಇಟ್ಟರು, ನೀರು ಹೆಚ್ಚು ಸೇರುವ ಹಾಗಿರಲಿಲ್ಲ. ಹೊರಡುವಾಗಲೂ ಕಮಾನಿನ ಕಡೆ ತಿರುಗಿ ನೋಡುತ್ತಿದ್ದರು.

ಮರುದಿನ ಮೇಷ್ಟ್ರಿಂದ ಸುದ್ದಿ ಬಂತು. ಅಕ್ಕನ ಮಗನಿಗೆ ಈ ಊರಿಗೇ ವರ್ಗವಾಗಿದೆ, ಮನೆ ಖಾಲಿ ಇಲ್ಲ. ರತ್ನ ನನ್ನ ಅಡಿಗೆಮನೆಯಲ್ಲಿ ನಿಂತು ಅದನ್ನು ಕೇಳಿಸಿಕೊಂಡಳು. ಅವಳಿಗೆ ವಿವರಿಸಿ ಹೇಳುವ ಅಗತ್ಯವೇನೂ ಇರಲಿಲ್ಲ, ಇದು ಅವಳು ಕೇಳಿದ ಮೊದಲನೆಯ ಅಕ್ಕನ ಮಗನ ಕಥೆಯಲ್ಲ. ಅವಳ ಚಿಂತೆ ಬೇರೆ.

“ಅಪ್ಪಂಗೆ ಏಳ್ಬೇಡಿ ಮಿಸ್. ಅಕ್ಕನ ಮಗ ಬಂದ ಅಂತ್ಲೇ ಇರ್ಲಿ. ತಾನು ಬಾಯಿ ಬುಟ್ಟಿದ್ಕೇ ಮನೆ ಓಯ್ತು ಅಂತ ಗೊತ್ತಾದ್ರೆ, ಇನ್ಮೇಕೆ ಯಾರ್ ಮುಂದೂ ಬಾಯೇ ಬುಡಕಿಲ್ಲ.”

ಹೇಳುವುದಿಲ್ಲ ಎಂದು ಮಾತು ಕೊಟ್ಟೆ. ಆದರೆ ಮೇಷ್ಟ್ರ ಮುಂದೆ ಬಾಯಿ ಕಟ್ಟಿಕೊಂಡಿರುತ್ತೇನೆ ಎಂದು ಯಾರಿಗೂ ಮಾತು ಕೊಟ್ಟಿರಲಿಲ್ಲ. ಅವತ್ತೇ ಸಂಜೆ ಕೆಳಗಿಳಿದು ಹೋಗಿ, ಗ್ರಹಚಾರ ಬಿಡಿಸುವುದೆಂದೇ ಶುರು ಮಾಡಿದೆ. ನಿಮ್ಮ ಗೇಟಿನ ಮೇಲೆ ಇರುವುದೇನು, ಊರೂರಿನಲ್ಲಿ ಭಾಷಣ ಬಿಗಿಯುವುದೇನು, ಹೊಳೆಯಾಚೆ ಹೋಗಿ ಉಣ್ಣುವುದೇನು, ಹಂದಿಗೂ ಜಾಗ ಎಂದವರಿಗೆ ಹಂದಿ ಸಾಕಿದ ಮುದುಕನಿಗೆ ಜಾಗವಿಲ್ಲವೇ ಎಂದು ಕೇಳಿದೆ. ಅವರು ಸಿಟ್ಟಾಗಿದ್ದರೆ ನನಗೆ ಅಷ್ಟು ಹೇಸಿಗೆಯಾಗುತ್ತಿರಲಿಲ್ಲ. ನಾಚಿಕೊಂಡಿದ್ದರೆ ಕ್ಷಮಿಸಿಯೂ ಬಿಡುತ್ತಿದ್ದೆನೋ ಏನೋ. ಅರ್ಥವಾಗದ ವಿದ್ಯಾರ್ಥಿಗೆ ಎರಡನೆಯ ಸಲ ಹೇಳುವವರಂತೆ ಮುಗುಳುನಕ್ಕರು.

“ಅದು ಫಿಲಾಸಫಿ ಕಣಮ್ಮಾ. ಇದು ಮನೆ.”

ಕ್ಯಾಂಪಿನ ಹೆಂಗಸು ಟೇಬಲ್ ಒರೆಸಿದ ಬಟ್ಟೆ ನೆನಪಾಯಿತು. ಎಲ್ಲರೂ ಎಂಬ ಚೀನಾದ ಅರ್ಥವನ್ನು ಉದುರಿಸಿ ಜಪಾನಿನ ಮಾಲೀಕನನ್ನಷ್ಟೇ ಉಳಿಸಿಕೊಂಡ ಪಂಡಿತ ಎದುರಿಗೆ ಕೂತಿದ್ದ. ಇಷ್ಟು ಸಲೀಸಾಗಿ ತನ್ನನ್ನು ತಾನೇ ಎರಡು ಮಾಡಿಕೊಂಡು ಎರಡರಲ್ಲೂ ಸುಖವಾಗಿರುವ ಮನುಷ್ಯನನ್ನು ಅಲ್ಲೇ ಬಿಟ್ಟು ಮೇಲೆ ಬಂದೆ. ಬೇಸಿಗೆ ರಜೆ ಬರುತ್ತಲೇ ಮನೆ ಬದಲಿಸಿದೆವು. ನಾವು ಬಿಡುವವರೆಗೂ ಅಕ್ಕನ ಮಗ ಬರಲಿಲ್ಲ, ಕೆಳಗಿನ ಬಾಗಿಲಿಗೆ ಹಾಕಿದ್ದ ಬೀಗಕ್ಕೆ ಧೂಳು ಹತ್ತಿತ್ತು.

ಸಣ್ಣಯ್ಯನಿಗೆ ಹೇಳುವುದಿಲ್ಲ ಎಂದಿದ್ದೆನೇ ಹೊರತು ಟೀಚರುಗಳಿಗೆ ಹೇಳುವುದಿಲ್ಲ ಎಂದಿರಲಿಲ್ಲ. ರತ್ನಳ ಹೆಸರು ಎತ್ತದೆ, ಸುಶೀಲಮ್ಮನ ಶುಕ್ರವಾರದ ಪೂಜೆಯ ಸಮೇತ, ಸ್ಟಾಫ್ ರೂಮಿನಲ್ಲಿ ಹಂದಿಯ ಕಥೆಯನ್ನು ಚೆನ್ನಾಗಿಯೇ ಹೇಳಿದೆ, ಅದಕ್ಕೆ ಈಗಲೂ ಬೇಸರವಿಲ್ಲ. ತಿಂಗಳೊಳಗೆ ಅವರು ಊರಿನ ಬಾಯಲ್ಲಿ ‘ಹಂದಿಮನೆ ಮೇಷ್ಟ್ರು’ ಆದರು. ಹಿತ್ತಾಳೆ ಕೆಳಗಿಳಿಯಿತು. ಸ್ಕ್ರೂ ತೂತುಗಳಿಗೆ ಸಿಮೆಂಟ್ ಮೆತ್ತಿಸಿದರೂ ಬಿಸಿಲಿಗೆ ಮಾಸದ ಬಣ್ಣದಲ್ಲಿ ಅಕ್ಷರದ ಗುರುತು ಹಾಗೇ ಉಳಿಯಿತು. ಮುಂದಿನ ಸಭೆಯಲ್ಲಿ ಮೇಷ್ಟ್ರು ಹೊಸ ಸಂಶೋಧನೆ ಮಂಡಿಸಿದರಂತೆ: ಸೂರಿನ ಕೆಳಗಿರುವುದು ಹಂದಿಯಲ್ಲ, ಎಳೆಗರು, ಪಶ್ಚಿಮದ ವಿದ್ವಾಂಸರು ತಪ್ಪಾಗಿ ಓದಿದ್ದಾರೆ. ಕರುವಿಗೂ ಅಷ್ಟೇ ಚಪ್ಪಾಳೆ ಬಿತ್ತಂತೆ.

ರತ್ನಳಿಗೆ ಕೊನೆಗೆ ಹೊಗೆಸೊಪ್ಪಿನ ಹರಾಜು ಕಟ್ಟೆಯ ಆಚೆ, ಊರು ಮುಗಿಯುವಲ್ಲಿ ಒಂದು ಮನೆ ಸಿಕ್ಕಿತು. ಸಣ್ಣಯ್ಯ ಆಟೋದಲ್ಲಿ ಆಸ್ಪತ್ರೆಯ ಮುಂಬಾಗಿಲಿಗೆ ಬಂದು, ಅಲ್ಲಿಂದಲೇ ಹಿಂದಿರುಗುವರು. ಹಿಂದಿನ ಬೀದಿಗೆ ಅವರು ಹೋಗದಂತೆ ರತ್ನ ನೋಡಿಕೊಂಡಳು. ಡಯಾಲಿಸಿಸ್ ವಾರ್ಡಿನಲ್ಲಿ ಪಕ್ಕದ ಮಂಚದವರಿಗೆಲ್ಲ ಅವರು ಅಕ್ಷರದ ಕಥೆ ಹೇಳುತ್ತಿದ್ದರು. ಸೂಜಿ ಚುಚ್ಚದ ಕೈಯಿಂದ ಗಾಳಿಯಲ್ಲಿ ಸೂರು ಬರೆದು ಕೆಳಗೊಂದು ಹಂದಿ ಬರೆಯುವರು, ಬಾಲ ಸ್ವಲ್ಪ ಉದ್ದವಾಗುತ್ತಿತ್ತು. ಮೇಷ್ಟ್ರಿಗೆ ಮನೆ ಕೊಡುವ ಮನಸ್ಸಿತ್ತು, ಪಾಪ, ಅಕ್ಕನ ಮಗ ಬಂದುಬಿಟ್ಟ ಎನ್ನುವರು. ನಾನು ನೋಡಲು ಹೋದಾಗಲೆಲ್ಲ ಅಲ್ವಾ ಮಿಸ್ಸು ಎಂದು ನನ್ನನ್ನು ಸಾಕ್ಷಿಗೆ ಕರೆಯುವರು. ಹೌದು ಎಂದು ತಲೆಯಾಡಿಸುತ್ತಿದ್ದೆ. ಶಾಂತರಾಜು ಮೇಷ್ಟ್ರ ಮೇಲೆ ನನಗಿರುವ ದ್ವೇಷದಲ್ಲಿ ದೊಡ್ಡ ಪಾಲು, ತನ್ನ ಒಳ್ಳೆಯತನಕ್ಕೆ ನನ್ನ ಕೈಯಲ್ಲಿ ಹಾಗೆ ಸಾಕ್ಷಿ ಹೇಳಿಸಿದ್ದಕ್ಕೆ ಸೇರಬೇಕು.

ಈ ವರ್ಷ ಎಲೆ ಬೇಯಿಸುವ ಕಾಲದಲ್ಲಿ ಮೇಷ್ಟ್ರು ಬ್ಯಾರನ್ನಿನ ಮುಂದೆ ಕುಸಿದು ತೀರಿಕೊಂಡರು. ಸುದ್ದಿ ವಾರ್ಡಿಗೆ ಬಂದಾಗ ಸಣ್ಣಯ್ಯ ಅಲ್ಲೇ ಇದ್ದರು. ಒಂದು ಹಾರ ಹಾಕಿ ಬರದಿದ್ದರೆ ತಪ್ಪಾಗುತ್ತದೆ ಎಂದು ಹಟ ಹಿಡಿದರು. ರತ್ನ ಡ್ಯೂಟಿ ಬಿಟ್ಟು ಬರುವಂತಿರಲಿಲ್ಲ, ಬೇಡವೆಂದರೆ ಅಪ್ಪ ಕೇಳುವಂತಿರಲಿಲ್ಲ. ನನಗೆ ಫೋನು ಮಾಡಿದಳು. ಕಮಾನಿನಲ್ಲಿ ಅಕ್ಷರ ಇಲ್ಲದ್ದು ಜನದ ನಡುವೆ ಅಪ್ಪನ ಗಮನಕ್ಕೆ ಬಾರದೇ ಹೋಗಬಹುದು, ಬೇಗ ಕರೆದುಕೊಂಡು ಬಂದುಬಿಡಿ ಎಂದಳು. ಆಟೋದಲ್ಲಿ ಸಣ್ಣಯ್ಯ ಸೇವಂತಿಗೆಯ ಹಾರವನ್ನು ನಲುಗದಂತೆ ಮಡಿಲಲ್ಲಿ ಇಟ್ಟುಕೊಂಡು, ದಾರಿಯುದ್ದಕ್ಕೂ ಮೇಷ್ಟ್ರ ಗುಣಗಾನ ಮಾಡುತ್ತಾ ಬಂದರು.

ಗೇಟಿನ ಹತ್ತಿರ ಇಳಿದವರು ಮೊದಲು ತಲೆ ಎತ್ತಿದರು. ಒಳಗೆ ಶಾಮಿಯಾನ ಹಾಕಿದ್ದರು, ಯಾರೋ ಮೈಕಿನಲ್ಲಿ ಮೇಷ್ಟ್ರು ಎಲ್ಲರನ್ನೂ ಒಂದೇ ಮನೆಯವರಂತೆ ಕಂಡವರು ಎಂದು ಹೇಳುತ್ತಿದ್ದರು. ಸಣ್ಣಯ್ಯ ಅದನ್ನು ಕೇಳಿಸಿಕೊಳ್ಳುತ್ತಿರಲಿಲ್ಲ.

“ಮಿಸ್ಸು, ಅಂದಿ ಎಲ್ಲೋಯ್ತು?”

ತೆಗೆಸಿದರು ಎಂದೆ. ಯಾವಾಗ ಎಂದು ಕೇಳಿದರು. ಮಳೆಗಾಳಿಗೆ ಬಿತ್ತು ಎನ್ನಬಹುದಿತ್ತು, ರತ್ನಳಿಗೆ ಕೊಟ್ಟ ಮಾತೂ ಉಳಿಯುತ್ತಿತ್ತು. ಆದರೆ ಆ ಮೈಕಿನ ಸದ್ದಿನಲ್ಲಿ, ಆ ಮನುಷ್ಯನ ಪರವಾಗಿ ಇನ್ನೂ ಒಂದು ಸುಳ್ಳು ಹೇಳಲು ನನ್ನ ನಾಲಿಗೆ ಏಳಲಿಲ್ಲ. ನೀವು ಹಾಲುಕ್ಕಿಸಲು ಬಂದು ಹೋದಿರಲ್ಲ, ಅದಾದ ಸ್ವಲ್ಪ ದಿನಕ್ಕೆ ಎಂದೆ.

ಸಣ್ಣಯ್ಯ ಸಿಮೆಂಟ್ ಮೆತ್ತಿದ ತೂತುಗಳನ್ನು ನೋಡುತ್ತಾ ನಿಂತರು. ಹಿಂದೆ ಬಂದವರು ಪಕ್ಕಕ್ಕೆ ಸರಿದು ಒಳಗೆ ಹೋಗುತ್ತಿದ್ದರು.

“ನಾನು ಬಾಯಿ ಬುಟ್ಟ ಮ್ಯಾಲೇ ಅಂದಿ ಇಳ್ಸವ್ರೆ. ಅಂಗಾರೆ ಅವತ್ತು ಮನೆ ಖಾಲಿ ಇತ್ತು,” ಎಂದರು.

ಹಾರವನ್ನು ನನ್ನ ಕೈಗೆ ಕೊಟ್ಟು ಆಟೋದ ಕಡೆ ತಿರುಗಿದರು. ನಾನು ಅದನ್ನು ಗೇಟಿನ ಕಂಬಿಗೆ ಸಿಕ್ಕಿಸಿ ಅವರ ಹಿಂದೆಯೇ ಬಂದು ಕೂತೆ. ಹರಾಜು ಕಟ್ಟೆ ದಾಟಿ ಅವರ ಮನೆ ಮುಟ್ಟುವವರೆಗೂ ಸಣ್ಣಯ್ಯ ಬಾಯಿ ಬಿಡಲಿಲ್ಲ.